ಸರಸಿಯ ತೂಕ

ನಮ್ಮೂರಲ್ಲಿ ದನ ಬಡಕಲಾದರೆ ನೆಲ ಬಿಡುತ್ತದೆ. ಮೊದಲು ನಡಿಗೆಯಲ್ಲಿ ಗೊರಸಿನ ಸದ್ದು ಕಡಿಮೆಯಾಗುತ್ತದೆ. ಆಮೇಲೆ ಮುಂಗಾಲು ಹಗುರವಾಗುತ್ತದೆ. ಕೊನೆಗೊಂದು ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದರೆ ಬೆನ್ನನ್ನು ಸೂರಿಗೆ ತಾಗಿಸಿಕೊಂಡು, ಕಾಲು ಇಳಿಬಿಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿರುತ್ತದೆ. ಮೆಲುಕು ಹಾಕುವುದಕ್ಕೆ ಹೊಟ್ಟೆಯಲ್ಲಿ ಏನಿರುತ್ತದೋ ಆ ದೇವರಿಗೇ ಗೊತ್ತು.

ಮಳೆ ಕೈಕೊಟ್ಟ ವರ್ಷ ನಮ್ಮ ಬೀದಿಗಳಲ್ಲಿ ನೆರಳು ಜಾಸ್ತಿ. ಟೈಲರ್ ಬಾಷಾ ಸಾಬರು ತಮ್ಮ ಹೊಲಿಗೆ ಯಂತ್ರವನ್ನು ಬಾಗಿಲಾಚೆ ಎಳೆದುಕೊಂಡು, ಎದುರುಮನೆಯ ಹಸುವಿನ ನೆರಳು ಎತ್ತ ಸರಿದರೆ ಅತ್ತ ತಾವೂ ಸರಿಯುತ್ತಾ ಕೆಲಸ ಮಾಡುತ್ತಾರೆ. ಹಾಲು ಕರೆಯುವುದಕ್ಕೆ ಏಣಿ ಬೇಕು, ಏಣಿ ಹಿಡಿಯುವುದಕ್ಕೆ ಇನ್ನೊಬ್ಬರು ಬೇಕು, ಹಾಗಾಗಿ ಬರಗಾಲದಲ್ಲಿ ಗಂಡಹೆಂಡಿರ ಜಗಳಗಳೆಲ್ಲ ಬೆಳಗಿನ ಹೊತ್ತಿಗೆ ಮುಗಿಯಲೇಬೇಕು. ಸಗಣಿ ಬಾಚುವವರು ತಲೆಯ ಮೇಲೆ ಮೊರ ಹಿಡಿದುಕೊಂಡು ಓಡಾಡುತ್ತಾರೆ. ಹಗ್ಗ ಮಾತ್ರ ಕತ್ತಾಳೆ ನಾರಿನದೇ ಆಗಬೇಕು. ಪೇಟೆಯ ಪ್ಲಾಸ್ಟಿಕ್ ಹಗ್ಗ ಕೊರಳು ಕೊಯ್ಯುತ್ತದೆ.

ಆದರೆ ನೀವು ನಮ್ಮೂರಿಗೆ ಬಂದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ಮೇಲೆ ನೋಡಬೇಡಿ. ಯಾರ ದನ ಎಷ್ಟು ಎತ್ತರದಲ್ಲಿದೆ ಎನ್ನುವುದು ಆ ಮನೆಯ ಒಲೆಯ ವಿಚಾರ. ಸೂರಿನ ಮಟ್ಟ ಎಂದರೆ ಹಿತ್ತಲ ಹುಲ್ಲು ಮುಗಿದಿದೆ ಎಂದರ್ಥ. ಹುಣಸೇಮರದ ಮಟ್ಟ ಎಂದರೆ ಮನೆಯವರೂ ಒಪ್ಪೊತ್ತು ಉಣ್ಣುತ್ತಿದ್ದಾರೆ ಎಂದರ್ಥ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಾವೆಲ್ಲ ಬೇಸಿಗೆಯಲ್ಲಿ ಕಣ್ಣು ನೆಲದ ಮೇಲಿಟ್ಟುಕೊಂಡೇ ಓಡಾಡುತ್ತೇವೆ. ಅಕ್ಕಪಕ್ಕದವರು ಮಾತಾಡುವಾಗಲೂ ಅಷ್ಟೇ. "ದನ ಚೆನ್ನಾಗವಾ?" "ಹೂಂ, ಚೆನ್ನಾಗವೆ." ಅಷ್ಟು ಹೇಳುವಾಗ ನೆತ್ತಿಯ ಮೇಲೆ ಬಾಲ ಬೀಸುತ್ತಿರುತ್ತದೆ.

ಇನ್ನೊಂದು ಮಾತನ್ನೂ ನಾವು ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾಣಿ ತೀರಾ ಹಗುರವಾಗಿ, ಹಗ್ಗ ಬಿಗಿದು, ಕೊರಳು ಹಿಸುಕಿ ನಾಲಗೆ ಹೊರಬರುವ ಹೊತ್ತಿಗೆ ಮನೆಯವರು ಹೊರಗೆ ಬಂದು ಗಂಟು ಬಿಚ್ಚುತ್ತಾರೆ. ಅದಕ್ಕೆ "ಬಿಟ್ಟುಕೊಟ್ಟೆವು" ಎನ್ನುತ್ತೇವೆ. ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ.

ನನಗಿದ್ದದ್ದು ಒಂದೇ ಎಮ್ಮೆ, ಸರಸಿ. ನನ್ನ ಗಂಡ ತೀರಿಕೊಂಡ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮೊಸರು ಮಾರಿಕೊಂಡು ಬದುಕಿದವಳು ನಾನು. ಮೊಸರು ಕಟ್ಟಿಕೊಡುವ ಪೇಪರ್ ಓದುತ್ತಾ ಓದುತ್ತಾ ಅಕ್ಷರ ಕಲಿತವಳು. ಅದಕ್ಕೇ ನನಗೆ ಎಲ್ಲಾ ಸುದ್ದಿಯೂ ಅರ್ಧರ್ಧ ಗೊತ್ತು. ಸರಸಿ ಆ ವರ್ಷ ತುಂಬು ಗಬ್ಬ. ಊರಿನ ದನಗಳೆಲ್ಲ ಒಂದೊಂದಾಗಿ ಮೇಲೆ ಹೋಗುತ್ತಿದ್ದರೂ ಅವಳು ಮಾತ್ರ ಗೊರಸಿನ ತುದಿ ನೆಲಕ್ಕೆ ಸೋಕಿಸಿಕೊಂಡು ನಿಂತಿದ್ದಳು. ಹೊಟ್ಟೆಯೊಳಗಿನ ಕರು ಅವಳನ್ನು ಹಿಡಿದಿಟ್ಟಿತ್ತು. ನೋಡಿದವರೆಲ್ಲ "ನಿನಗೇನವ್ವ, ಪುಣ್ಯವಂತೆ" ಎನ್ನುತ್ತಿದ್ದರು. ನನ್ನ ಭಯ ನನಗೆ. ಕರು ಹಾಕಿದ ಕ್ಷಣ ಆ ಭಾರ ಹೊರಗೆ ಬರುತ್ತದೆ, ಆಮೇಲೆ ಇವಳನ್ನು ಹಿಡಿಯುವವರು ಯಾರು? ಬಾಣಂತಿ ಎಮ್ಮೆ, ಪಕ್ಕೆಲುಬು ಎಣಿಸುವ ಹಾಗಿದೆ. ಬಾಣ ಬಿಟ್ಟ ಹಾಗೆ ಹೋಗಿಬಿಡುತ್ತಾಳೆ. ಕರು ಕೆಳಗೆ, ಕೆಚ್ಚಲು ಮೇಲೆ. ಅಷ್ಟರೊಳಗೆ ಅವಳ ಹೊಟ್ಟೆಗೆ ನಾಲ್ಕು ಹೊರೆ ಮೇವು ಬೀಳಬೇಕಿತ್ತು.

ಅಂಥಾ ಹೊತ್ತಿನಲ್ಲಿ ಸುದ್ದಿ ಬಂತು. ಬರ ಬಿದ್ದ ಊರುಗಳಿಗೆ ಸರ್ಕಾರ ಪುಕ್ಕಟೆ ಮೇವು ಕೊಡುತ್ತದಂತೆ, ಅದಕ್ಕೆ ಮೊದಲು ಅಧಿಕಾರಿಗಳು ಬಂದು ದನಗಳ ಸ್ಥಿತಿ ನೋಡುತ್ತಾರಂತೆ. ನಾನು ಕುಣಿದಾಡುವುದೊಂದು ಬಾಕಿ. ಆದರೆ ನಮ್ಮೂರಿನವರು ಮಾಡಿದ್ದೇನು ಗೊತ್ತೆ? ನೆನೆಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಶುರುಮಾಡಿದ್ದು ನನ್ನ ಓರಗಿತ್ತಿ, ಕೆಂಪಸಿದ್ದಮ್ಮ. ನನ್ನ ಗಂಡನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ನಾನು ಅಕ್ಕ ಎನ್ನುತ್ತೇನೆ. ಅವಳ ಹಸು ಆಗಲೇ ಹುಣಸೇಮರ ದಾಟಿತ್ತು. ಅಧಿಕಾರಿ ಬರುವ ಹಿಂದಿನ ದಿನ ಅವಳು ಬೀದಿಯ ಹೆಂಗಸರನ್ನೆಲ್ಲ ಕಟ್ಟೆಯ ಬಳಿ ಸೇರಿಸಿ, "ಮನೆಗೆ ನೆಂಟ್ರು ಬರೋವಾಗ ಹರಕು ಬಟ್ಟೆ ಒಳಗಿಟ್ಟು ಬಾಗಿಲಿಗೆ ನೀರು ಹಾಕ್ತೀವೋ ಇಲ್ವೋ? ಅಂಗೇಯ. ಅಧಿಕಾರಿ ಬಂದಾಗ ದನ ಗಾಳಿಪಟದಂಗೆ ತೇಲಾಡ್ತಿದ್ರೆ ಊರ ಮಾನ ಉಳಿತದಾ?" ಎಂದಳು.

"ಅಕ್ಕಾ, ತೇಲೋದನ್ನ ನೋಡಕ್ಕೇ ತಾನೆ ಅವರು ಬರ್ತಿರೋದು?" ಎಂದೆ.

"ನೀನು ಪೇಪರ್ ಓದಿ ಓದಿ ನಾಚಿಕೆ ಕಳ್ಕಂಡಿದ್ದೀಯ, ದ್ಯಾವಿ. ನಿಂದು ನೆಲದ ಮೇಲೈತೆ, ಅದಕ್ಕೆ ಮಾತಾಡ್ತೀಯ."

ನಾನೊಬ್ಬಳು, ಅವರೆಲ್ಲ ಒಂದು. ಸಾಯಂಕಾಲದೊಳಗೆ ಊರಿಗೂರೇ ದನಗಳನ್ನು ಹಗ್ಗ ಹಿಡಿದು ಕೆಳಗೆಳೆದು, ಗೋಣಿಚೀಲಕ್ಕೆ ಕಲ್ಲು ತುಂಬಿ ಹೊಟ್ಟೆಯಡಿ ಕಟ್ಟಿ, ಅದು ಕಾಣಬಾರದೆಂದು ಮೇಲೊಂದು ಜೂಲು ಹೊದಿಸಿ, ಕೊಂಬಿಗೆ ಬಣ್ಣ ಬಳಿದು ನಿಲ್ಲಿಸಿಬಿಟ್ಟಿತು. ಕುರಿಗಾಹಿ ಚಿಕ್ಕೀರಣ್ಣ ತನ್ನ ಕುರಿಗಳನ್ನು ಬರಗಾಲದುದ್ದಕ್ಕೂ ಒಂದೇ ಹಗ್ಗಕ್ಕೆ ಗೊಂಚಲು ಕಟ್ಟಿಕೊಂಡು ತಿರುಗುವವನು. ಅವನೂ ಒಂದೊಂದು ಕುರಿಯ ಕೊರಳಿಗೆ ಒಂದೊಂದು ಹಳೇ ಬೀಗ ನೇತುಹಾಕಿದ. "ಏನಣ್ಣ ಇದು?" ಎಂದರೆ, "ಎಲ್ಲರೂ ಮಾಡ್ತಾವ್ರೆ ಕಣವ್ವ, ನಾನೊಬ್ನೇ ಬಿಟ್ರೆ ನನ್ ಕುರಿ ಮಾತ್ರ ಬಡವಾಗಿ ಕಾಣಲ್ವಾ?" ಎಂದ. ನಾಚಿಕೆಯಾಗುತ್ತದೆ ಹೇಳಲಿಕ್ಕೆ, ಕೊನೆಗೆ ನಾನೂ ಸರಸಿಯ ಕೊರಳಿಗೆ ಒಂದು ಒರಳುಗುಂಡು ಕಟ್ಟಿದೆ. ಓರಗಿತ್ತಿ ಕಿಟಕಿಯಿಂದ ನೋಡುತ್ತಿದ್ದಳು.

ಬಂದವರು ಹರಿಣಾಕ್ಷಿ ಮೇಡಂ. ಜೀಪಿನಿಂದ ಇಳಿದವರೇ ಪಾಪ ಮೇಲೆ ನೋಡಿದರು. ನಮ್ಮೂರಿನ ವಿಚಾರ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಆಕಾಶ ಖಾಲಿ. ಒಂದು ಹದ್ದು ಬಿಟ್ಟರೆ ಏನೂ ಇಲ್ಲ. ಬೀದಿಯಲ್ಲಿ ನೋಡಿದರೆ ಜೂಲು ಹೊದ್ದ ದನಗಳು ಮದುವೆಗೆ ಹೊರಟ ಹಾಗೆ ಸಾಲಾಗಿ ನಿಂತಿವೆ. ಮೇಡಂ ಮುಖ ಅರಳಿತು. ಟೆಂಪೋದಲ್ಲಿ ತಂದಿದ್ದ ತೂಕದ ಯಂತ್ರ ಇಳಿಸಿ ಒಂದೆರಡನ್ನು ತೂಗಿಸಿದರು. ಕಲ್ಲಿನ ತೂಕ ಸೇರಿ ಮುಳ್ಳು ಆ ತುದಿಗೆ ಹೋಗಿ ನಿಂತಿತು.

"ಪರವಾಗಿಲ್ಲ, ತುಂಬಾ ಚೆನ್ನಾಗಿ ಸಾಕಿದ್ದೀರಿ," ಎಂದರು.

"ಏನೋ ತಮ್ಮಂಥೋರ ಆಶೀರ್ವಾದ," ಎಂದಳು ನನ್ನ ಓರಗಿತ್ತಿ, ಕೈಮುಗಿದು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕಾಲು ತುಳಿದಳು. ಮೇಡಂಗೆ ಕಾಫಿ ಕೊಟ್ಟೆವು. ಹಾಲು ಹಾಕಿದ ಕಾಫಿ! ಬೀದಿಯ ಎಲ್ಲಾ ಕೆಚ್ಚಲಿಂದ ಹಿಂಡಿ ಒಂದು ಲೋಟ ಮಾಡಿದ್ದು. ಅವರು ಕುಡಿದು, ಹೊಗಳಿ, ಜೀಪು ಹತ್ತಿ ಹೋದರು. ಹದಿನೈದು ದಿನಕ್ಕೆ ಪೇಪರಿನಲ್ಲಿ ಬಂತು. ಬರಪೀಡಿತ ಊರುಗಳ ಸಾಲಿನಲ್ಲಿ ನಮ್ಮೂರಿಲ್ಲ. ನಮ್ಮಲ್ಲಿ ಜಾನುವಾರುಗಳು ಪುಷ್ಟಿಯಾಗಿವೆಯಂತೆ.

ಆ ಪೇಪರ್ ಹಿಡಿದುಕೊಂಡು ನಾನು ಅಕ್ಕನ ಬಾಗಿಲಿಗೆ ಹೋದೆ. ಅವಳು ಏಣಿಯ ಮೇಲಿದ್ದಳು, ಬಹಳ ಮೇಲೆ. ಹಸುವಿನ ಬಾಯಿಗೆ ಹಳೇ ಚಾಪೆಯ ಹುಲ್ಲು ಎಳೆದೆಳೆದು ಕೊಡುತ್ತಿದ್ದಳು.

"ಉಳೀತಾ ಮಾನ?" ಎಂದು ಕೇಳಿದೆ.

"ಮಾನ ಉಳೀತು," ಎಂದಳು ಮೇಲಿಂದ. "ಹುಲ್ಲು ಬರದಿದ್ರೆ ಅದು ಸರ್ಕಾರದ ತಪ್ಪು."

ಹೀಗಂದವಳ ಹತ್ತಿರ ಜಗಳವಾಡಿ ಏನು ಪ್ರಯೋಜನ? ನಾನು ಚಿಕ್ಕೀರಣ್ಣನನ್ನು ಹೊರಡಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಬಸ್ಸಿನ ಕಂಡಕ್ಟರ್ ಕುರಿಗಳ ಗೊಂಚಲನ್ನು ನೋಡಿ, ಒಳಗೆ ಬೇಡ ಟಾಪಿನ ಕಂಬಿಗೆ ಕಟ್ಟು ಎಂದ. ದಾರಿಯುದ್ದಕ್ಕೂ ಚಿಕ್ಕೀರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ "ಮೇಲೆ ಕುರಿ ಅವೆ ಏನಪ್ಪಾ, ಅವೆ ಏನಪ್ಪಾ" ಎಂದು ಎದುರು ಬರುವವರನ್ನು ಕೇಳುತ್ತಿದ್ದ. ಕುರಿಗಳನ್ನು ಯಾಕೆ ತಂದೆಯೋ ಎಂದು ನಾನು ಬೈದರೆ, "ಸಾಕ್ಷಿ ಬ್ಯಾಡ್ವಾ?" ಎನ್ನುತ್ತಾನೆ.

ಕಚೇರಿಯಲ್ಲಿ ಮೊದಲ ಮೇಜಿನವರು ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದರು. ಎರಡನೇ ಮೇಜಿನವರು ಕುರಿಗಳನ್ನು ನೋಡಿ, ಹಾರುವಂಥದ್ದಾದರೆ ಕೋಳಿ ವಿಭಾಗಕ್ಕೆ ಹೋಗಿ, ಹಿಂದಿನ ಕಟ್ಟಡ, ಎಂದರು. ಕೋಳಿ ವಿಭಾಗದವರು ರೆಕ್ಕೆ ಎಲ್ಲಿ ಎಂದು ಕೇಳಿದರು. ಸಾರ್ ರೆಕ್ಕೆ ಇಲ್ಲ, ಹೊಟ್ಟೆಗೂ ಇಲ್ಲ, ಅದಕ್ಕೇ ಹಾರುತ್ತವೆ ಎಂದೆ. ಹಾಗಾದರೆ ನಮ್ಮದಲ್ಲ, ಮುಂದಿನ ಕಟ್ಟಡ, ಎಂದರು. ಮುಂದಿನ ಕಟ್ಟಡದಿಂದಲೇ ಬಂದದ್ದು ಎಂದರೆ ಆ ಮನುಷ್ಯ ನಮ್ಮ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಆ ಕಟ್ಟಡಗಳನ್ನು ಹಿಂದೆಮುಂದೆ ಕಟ್ಟಿಸಿದ್ದು ನಮ್ಮದೇ ತಪ್ಪು ಎನ್ನುವ ಹಾಗೆ.

ಕೊನೆಗೆ ಹರಿಣಾಕ್ಷಿ ಮೇಡಂ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಸಿಕ್ಕರು. ನಾನು ಕಲ್ಲಿನ ವಿಚಾರ, ಜೂಲಿನ ವಿಚಾರ ಎಲ್ಲಾ ಬಾಯಿಬಿಟ್ಟೆ. ಅವರು ಚಪಾತಿ ಮುರಿದದ್ದನ್ನು ಹಾಗೇ ಡಬ್ಬಿಯಲ್ಲಿಟ್ಟರು.

"ಅಲ್ಲಮ್ಮಾ, ಮೇವು ಬೇಕು ಅಂತೀರ, ನೋಡೋಕೆ ಬಂದ್ರೆ ಕಲ್ಲು ಕಟ್ತೀರ. ನಾನು ಮೇಲಿನವರಿಗೆ ಏನಂತ ಬರೀಲಿ?"

"ನಾವು ದಡ್ಡರು ಅಂತ ಬರೀರಿ ಮೇಡಂ. ಅದು ನಿಜಾನೇ. ನಮ್ಮ ಎಮ್ಮೆ ಇನ್ನೇನು ಕರು ಹಾಕ್ತದೆ. ಅಷ್ಟರೊಳಗೆ ಮೇವು ಬರದಿದ್ರೆ ನಾನು ಗಂಟು ಬಿಚ್ಚಬೇಕಾಗ್ತದೆ."

ಗಂಟು ಬಿಚ್ಚುವುದೆಂದರೆ ಏನೆಂದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ. ಡಬ್ಬಿಯ ಮುಚ್ಚಳ ಹಾಕಿ, "ಬರೋ ಮಂಗಳವಾರ ಇನ್ನೊಂದ್ಸಲ ಬರ್ತೀನಿ. ಆದ್ರೆ ಈ ಸಲ ಕಲ್ಲು ಕಂಡ್ರೆ ನಾನು ಜೀಪೇ ಇಳಿಯಲ್ಲ," ಎಂದರು.

ಮಂಗಳವಾರ ಬಂತು. ಕಲ್ಲು ಕಟ್ಟಬೇಡಿ ಎಂದು ಊರಿಗೆಲ್ಲ ನಾನು ಮನೆಮನೆ ತಿರುಗಿ ಹೇಳಿದ್ದೆ. ಎಲ್ಲರೂ ಹೂಂ ಎಂದಿದ್ದರು. ಬೆಳಿಗ್ಗೆ ನೋಡಿದರೆ ಮತ್ತೆ ಕಲ್ಲು ಕಟ್ಟಿ ಜೂಲು ಹೊದಿಸಿದ್ದಾರೆ, ಒಂದೇ ಒಂದು ದನ ಮೇಲಿಲ್ಲ! ಯಾರೂ ಮೊದಲು ಬಿಚ್ಚಲು ಸಿದ್ಧರಿಲ್ಲ. ಪಕ್ಕದವರು ಬಿಚ್ಚಲಿ ಆಮೇಲೆ ನೋಡೋಣ ಎಂದು ಎಲ್ಲರೂ ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು. ದೂರದಲ್ಲಿ ಜೀಪಿನ ಧೂಳು ಕಂಡಿತು.

ನನಗೆ ಆಗ ಬಂದ ಸಿಟ್ಟು ಯಾರ ಮೇಲೆಂದು ಈಗಲೂ ಹೇಳಲಾರೆ. ಸರಸಿಯನ್ನು ಬೀದಿಯ ನಡುವಿಗೆ ಎಳೆದುತಂದು, ಅಂದು ಕಟ್ಟಿದಾಗಿನಿಂದ ತೆಗೆಯದೇ ಇದ್ದ ಒರಳುಗುಂಡಿನ ಹಗ್ಗ ಬಿಚ್ಚಿದೆ. ಗುಂಡು ದಡ್ಡೆಂದು ನೆಲಕ್ಕೆ ಬಿತ್ತು. ಸರಸಿ ಮೆಲ್ಲಗೆ, ಯಾರೋ ಎಬ್ಬಿಸಿದ ಹಾಗೆ, ನನ್ನ ಎದೆಯ ಮಟ್ಟಕ್ಕೆ ಎದ್ದು ನಿಂತಳು. ತುಂಬುಹೊಟ್ಟೆ ಹೊತ್ತುಕೊಂಡೂ ಅಷ್ಟು ಎದ್ದಳು! ಒಳಗಿನ ಕರುವೂ ಹಗುರವಾಗಿದೆ ಎಂದು ಆಗ ತಿಳಿಯಿತು.

"ನೋಡ್ರವ್ವ!" ಎಂದು ಕೂಗಿದೆ. "ನೋಡ್ರಪ್ಪ, ಕಣ್ಬಿಟ್ಟು ಮೇಲೆ ನೋಡ್ರಿ! ನನ್ನ ಮನೇಲಿ ಹುಲ್ಲಿಲ್ಲ. ನಿನ್ನೆ ರಾತ್ರಿ ಅಕ್ಕಚ್ಚಿನ ಜೊತೆ ನನ್ನ ಗಂಜೀನೂ ಇದಕ್ಕೇ ಸುರಿದಿದ್ದೀನಿ. ಈಗ ಏನಾಯ್ತು? ನನ್ನ ತಲೆ ಏನು ಉರುಳಿಹೋಯ್ತಾ?"

"ಮನೆತನದ ಮರ್ಯಾದೆ ಬೀದಿಗೆ ತಂದ್ಯಲ್ಲೇ, ದ್ಯಾವಿ," ಎಂದಳು ಓರಗಿತ್ತಿ, ಸೆರಗು ಬಾಯಿಗೆ ಒತ್ತಿಕೊಂಡು.

ಮೊದಲು ಬೀಗ ಬಿಚ್ಚಿದವನು ಚಿಕ್ಕೀರಣ್ಣ. ಆಮೇಲೆ ಬಾಷಾ ಸಾಬರ ಎದುರುಮನೆಯವರು. ಆಮೇಲೆ ಬೀದಿಯುದ್ದಕ್ಕೂ ಕಲ್ಲು ಬೀಳುವ ಸದ್ದು. ಜೀಪು ನಿಲ್ಲುವ ಹೊತ್ತಿಗೆ ಊರಿನ ದನವೆಲ್ಲ ಮೇಲಿತ್ತು, ಓರಗಿತ್ತಿಯ ಹಸು ಒಂದನ್ನು ಬಿಟ್ಟು. ಮೇಡಂ ಇಳಿದು, ಮೇಲೆ ನೋಡಿ, ಹಣೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತರು. ನಮ್ಮೂರಿನವರೂ ಮೇಲೆ ನೋಡಿದರು. ಎಷ್ಟು ವರ್ಷದ ಮೇಲೆ! ಒಬ್ಬರ ದನದ ಎತ್ತರ ಇನ್ನೊಬ್ಬರು ನೋಡಿ, ಅಯ್ಯೋ ನಿಂದೂ ಅಷ್ಟು ಮೇಲಾ, ನಮಗೆ ಹೇಳಲೇ ಇಲ್ಲವಲ್ಲ ಎಂದು ಪಿಸುಗುಟ್ಟುತ್ತಿದ್ದರು.

ಇನ್ನೇನು, ಎಲ್ಲಾ ಸರಿಹೋಯಿತು ಎಂದುಕೊಂಡೆ. ಮೇಡಂ ಫೋನ್ ತೆಗೆದು ಸರಸಿಯ ಫೋಟೋ ಹೊಡೆದರು. ಮತ್ತೆ ಹೊಡೆದರು. ಮೂರನೇ ಸಲಕ್ಕೆ ಅವರ ಮುಖ ಗಂಟಿಕ್ಕಿತು.

"ಏನಾಯ್ತು ಮೇಡಂ?"

"ಆಪ್ ತಗೊಳ್ತಿಲ್ಲಮ್ಮ. ನಾಲ್ಕೂ ಕಾಲು ನೆಲದ ಮೇಲಿರಬೇಕು. ಇಲ್ಲದಿದ್ರೆ 'ಜಾನುವಾರು ಕಂಡುಬಂದಿಲ್ಲ' ಅಂತ ತೋರಿಸ್ತದೆ."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. "ಹೋದ್ಸಲ ಬಂದಾಗ ದನ ಪುಷ್ಟಿಯಾಗಿದ್ವು, ಅದಕ್ಕೆ ಮೇವಿಲ್ಲ. ಈ ಸಲ ಬಂದಾಗ ದನಾನೇ ಇಲ್ಲ, ಅದಕ್ಕೆ ಮೇವಿಲ್ಲ. ಮೇಡಂ, ನೀವೇ ಹೇಳಿ, ಸರ್ಕಾರ ಯಾವ ದನಕ್ಕೆ ಮೇವು ಕೊಡ್ತದೆ? ನೆಲದ ಮೇಲೆ ನಿಂತುಕೊಂಡು ಉಪವಾಸ ಸಾಯೋ ದನ ನಮ್ಮೂರಲ್ಲಿ ಇಲ್ಲವಲ್ಲ!"

"ನನ್ನ ಮೇಲೆ ಕೂಗಬೇಡಿ, ನಾನು ಮಾಡಿದ್ದಲ್ಲ ಈ ಆಪು," ಎಂದರು ಮೇಡಂ. ಅವರಿಗೂ ಸಿಟ್ಟು ಬಂದಿತ್ತು. ಆದರೆ ಜೀಪು ಹತ್ತಲಿಲ್ಲ. ಫೋನಿನಲ್ಲಿ ನಿಯಮಗಳನ್ನು ಬೆರಳಿನಿಂದ ಮೇಲೆ ಕೆಳಗೆ ತಳ್ಳುತ್ತಾ ನಿಂತರು. "ಕಾಲು ನೆಲದ ಮೇಲಿರಬೇಕು. ಕಲ್ಲು, ಕಬ್ಬಿಣ, ಮರಳುಚೀಲ ಕಟ್ಟಿರಬಾರದು. ತೂಕ ನಿಗದಿಗಿಂತ ಕಡಿಮೆ ಇರಬೇಕು..."

"ಕೈಯಲ್ಲಿ ಹಿಡ್ಕಂಡ್ರೆ?" ಎಂದೆ, ಕುಳಿತಲ್ಲಿಂದಲೇ.

ಅವರು ಇನ್ನೊಂದು ಸಲ ಓದಿದರು. "ಕೈಯಲ್ಲಿ ಹಿಡೀಬಾರದು ಅಂತ... ಬರೆದಿಲ್ಲ."

ತೂಕದ ಯಂತ್ರ ಬೀದಿಗೆ ಬಂತು. ಮೊದಲು ನಾನೊಬ್ಬಳೇ ನಿಲ್ಲಬೇಕು, ಆಮೇಲೆ ಎಮ್ಮೆಯನ್ನು ತಬ್ಬಿ ಹಿಡಿದು ನಿಲ್ಲಬೇಕು, ಒಟ್ಟು ತೂಕದಲ್ಲಿ ನನ್ನ ತೂಕ ಕಳೆದರೆ ಎಮ್ಮೆಯ ತೂಕ. ಲೆಕ್ಕ ಸರಿಯಾಗಿತ್ತು. ನಾನು ಚಪ್ಪಲಿ ಬಿಟ್ಟು ಹಲಗೆ ಹತ್ತಿದೆ. ಮುಳ್ಳು ಒಂಚೂರು ಅಲುಗಾಡಿ ನಿಂತಿತು. ಯಂತ್ರ ಕೆಟ್ಟಿದೆಯೇನೋ ಎಂದು ಡ್ರೈವರ್ ಬಗ್ಗಿ ನೋಡಿದ. ಕೆಟ್ಟಿರಲಿಲ್ಲ.

ಮೇಡಂ ಮುಳ್ಳನ್ನು ನೋಡಿದರು. ನನ್ನನ್ನು ನೋಡಿದರು. ದನಿ ತಗ್ಗಿಸಿ, "ಅಮ್ಮಾ, ನೀವು ಊಟ ಮಾಡಿ ಎಷ್ಟು ದಿನ ಆಯ್ತು?" ಎಂದರು.

"ಮೊದಲು ಎಮ್ಮೇದು ಬರ್ಕಳಿ ಮೇಡಂ," ಎಂದೆ.

ಸರಸಿಯ ಕೊರಳು ತಬ್ಬಿಕೊಂಡೆ. ಅವಳ ಮೈ ಬೆಚ್ಚಗಿತ್ತು, ಒಳಗೆ ಕರು ಒದೆಯುತ್ತಿತ್ತು. ಕೆಳಗೆ ಎಳೆದೆ. ಅವಳು ಇಳಿಯುವ ಬದಲು ನನ್ನ ಹಿಮ್ಮಡಿ ಹಲಗೆಯಿಂದ ಎದ್ದಿತು. ಆಮೇಲೆ ಕಾಲಬೆರಳು. ಒಮ್ಮೆಗೇ ಬೀದಿಯವರ ತಲೆಗಳೆಲ್ಲ ನನಗಿಂತ ಕೆಳಗಾದವು. ಅಯ್ಯೋ ಎಂದು ಯಾರೋ ಕಿರುಚಿದರು. ಕೈಬಿಟ್ಟರೆ ನಾನು ಬೀಳುತ್ತೇನೆ, ಅವಳು ಹೋಗುತ್ತಾಳೆ. ಹಗ್ಗ ಎಲ್ಲಿ ಬಿದ್ದಿದೆಯೋ ಕಾಣುತ್ತಿಲ್ಲ. ಕಣ್ಣುಮುಚ್ಚಿ ಬಿಗಿಯಾಗಿ ಹಿಡಿದೆ.

ಅಷ್ಟರಲ್ಲಿ ನನ್ನ ಕಾಲನ್ನು ಯಾರೋ ಹಿಡಿದು ಜಗ್ಗಿದರು. ನೋಡಿದರೆ ಓರಗಿತ್ತಿ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ಕಾಲು ಅಗಲಿಸಿ ನಿಂತು, ನನ್ನನ್ನೂ ಎಮ್ಮೆಯನ್ನೂ ಒಟ್ಟಿಗೆ ಕೆಳಗಿಳಿಸುತ್ತಿದ್ದಾಳೆ.

"ಬಿಡಬ್ಯಾಡ ಕಣೇ ಮುಂಡೇದೆ! ಬಿಟ್ಟೀಯ! ಮೇಡಂ, ನನ್ನ ತೂಕಾನೂ ಬರ್ಕಳಿ, ಬೇಗ! ಏನು ನೋಡ್ತಾ ನಿಂತಿದ್ದೀರಿ, ಹೊಡೀರಿ ಫೋಟೋ!"

ಸರಸಿಯ ನಾಲ್ಕು ಗೊರಸೂ ಹಲಗೆಗೆ ತಾಗಿದವು. ಮೇಡಂ ಫೋಟೋ ಹೊಡೆದರು. ಆಪು ಎಮ್ಮೆಯನ್ನು ಒಪ್ಪಿಕೊಂಡಿತು. ಮೂವರ ತೂಕ ನೋಡಿದರೆ, ಆಮೇಲೆ ನಮ್ಮಿಬ್ಬರನ್ನೇ ನಿಲ್ಲಿಸಿ ತೂಗಿದ್ದಕ್ಕಿಂತ ಕಡಿಮೆ. ಕಳೆದರೆ ಸೊನ್ನೆಗಿಂತ ಕೆಳಗೆ. ಮೇಡಂ ಒತ್ತಿದರು, ಆಪು ತೆಗೆದುಕೊಳ್ಳಲಿಲ್ಲ. ಸೊನ್ನೆಗಿಂತ ಕೆಳಗಿನದನ್ನು ಅದು ನಂಬುವುದಿಲ್ಲವಂತೆ. ಆಗ ಅವರು ತುಟಿ ಕಚ್ಚಿ, ಸೊನ್ನೆ ಎಂದು ಒತ್ತಿದರು. ಹಸಿರು ಬಂತು. ಮೇವು ಮಂಜೂರು.

ಆ ದಿನ ಕತ್ತಲಾಗುವವರೆಗೂ ನಮ್ಮೂರಿನವರು ಒಬ್ಬರ ದನವನ್ನು ಇನ್ನೊಬ್ಬರು ತಬ್ಬಿಕೊಂಡು ತೂಕದ ಹಲಗೆ ಹತ್ತಿ ಇಳಿದರು. ಮಾತು ಬಿಟ್ಟವರೆಲ್ಲ ಅಂದು ಒಟ್ಟಿಗೆ ನಿಲ್ಲಬೇಕಾಯಿತು, ಯಾಕೆಂದರೆ ಒಬ್ಬರ ತೂಕ ಯಾರಿಗೂ ಸಾಲುತ್ತಿರಲಿಲ್ಲ. ಚಿಕ್ಕೀರಣ್ಣನ ಗೊಂಚಲಿಗೆ ನಾಲ್ವರು ಬೇಕಾದರು. ಓರಗಿತ್ತಿಯ ಹಸುವಿನ ಜೂಲು ತೆಗೆದದ್ದು ಕೊನೆಯಲ್ಲಿ, ನಾನೇ. ಅವಳು ಆ ಕಡೆ ತಿರುಗಿ ನಿಂತಿದ್ದಳು.

ಮಂಜೂರಾದದ್ದೇನೋ ಸರಿ, ಲಾರಿ ಬರಬೇಕಲ್ಲ? ಇವತ್ತು ನಾಳೆ ಎಂದು ದಿನ ಉರುಳಿತು. ಒಂದು ಸಲ ಲಾರಿ ಹೊರಟಿದೆ ಎಂದರು, ಪಕ್ಕದ ತಾಲ್ಲೂಕಿಗೆ ಹೋಯಿತಂತೆ. ಇನ್ನೊಂದು ಸಲ ಹುಲ್ಲಿದೆ ಡೀಸೆಲ್ ಇಲ್ಲ ಎಂದರು. ನಾನು ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ರಸ್ತೆ ನೋಡುವುದು, ಬಂದು ಸರಸಿಯ ಹೊಟ್ಟೆ ಮುಟ್ಟಿ ನೋಡುವುದು. ಇಷ್ಟೇ ಕೆಲಸ.

ಲಾರಿ ಬಂದ ಬೆಳಿಗ್ಗೆಯೇ ಅವಳಿಗೆ ನೋವು ಶುರುವಾಯಿತು. ಇವೆರಡೂ ಒಂದೇ ಗಳಿಗೆಗೆ ಯಾಕೆ ಬರಬೇಕು? ಹುಲ್ಲನ್ನು ಮೇವು ಕೇಂದ್ರದಲ್ಲಿ ಮಾತ್ರ ಇಳಿಸುವುದು, ಮನೆಗೆ ಕೊಡುವ ಹಾಗಿಲ್ಲ ಎಂದು ಲಾರಿ ಡ್ರೈವರ್ ಹಟ ಹಿಡಿದನಂತೆ. ನಾನು ಸರಸಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ಬೀದಿಯಲ್ಲಿ ಗಲಾಟೆ ಕೇಳುತ್ತಿತ್ತು. ಓರಗಿತ್ತಿ ಅವನಿಗೆ ಏನಂದಳೋ ನನಗೆ ಗೊತ್ತಿಲ್ಲ, ಯಾರೂ ಹೇಳಲೊಲ್ಲರು. ಲಾರಿ ನೇರವಾಗಿ ನನ್ನ ಹಿತ್ತಲ ಬಾಗಿಲಿಗೆ ಬಂದು ನಿಂತಿತು, ಡ್ರೈವರ್ ತಾನೇ ಹೊರೆ ಹೊತ್ತು ತಂದು ಹಾಕಿದ.

ಬೀದಿಯವರೆಲ್ಲ ಬಂದು ಸರಸಿಯನ್ನು ಹಿಡಿದರು. ಕೊರಳಿಗೆ ಇಬ್ಬರು, ಸೊಂಟಕ್ಕೆ ಇಬ್ಬರು, ಕೊಂಬಿಗೆ ಬಾಷಾ ಸಾಬರು, ಬಾಲಕ್ಕೆ ಚಿಕ್ಕೀರಣ್ಣ. "ನಂಗ್ಯಾಕೆ ಬಾಲ?" ಎಂದು ಅವನು ಗೊಣಗುತ್ತಿದ್ದ. ನಾನು ಹುಲ್ಲಿನ ಹಿಡಿಯನ್ನು ಅವಳ ಬಾಯಿಗಿಟ್ಟೆ. ನೋವಿನ ನಡುನಡುವೆ ಅವಳು ಗಬಗಬ ತಿಂದಳು. ಕರು ಹೊರಬಿದ್ದಾಗ ಅಷ್ಟು ಜನವೂ ಒಮ್ಮೆಗೇ ತುದಿಗಾಲಿನ ಮೇಲೆದ್ದರು. ಯಾರೂ ಕೈಬಿಡಲಿಲ್ಲ. ಹೆಣ್ಣುಕರು. ಒದ್ದೆಮೈಯಲ್ಲಿ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತು ನಡುಗುತ್ತಿತ್ತು. ನಾನು ಅದನ್ನು ಮಡಿಲಿಗೆಳೆದುಕೊಂಡು ತಾಯಿಯ ಮೂತಿಗೆ ಹಿಡಿದೆ. ಅವಳು ನೆಕ್ಕಿದಳು, ಹುಲ್ಲು ತಿಂದಳು, ಮತ್ತೆ ನೆಕ್ಕಿದಳು. ಸಾಯಂಕಾಲದವರೆಗೆ ಜನ ಸರದಿಯಲ್ಲಿ ಹಿಡಿದರು. ದೀಪ ಹಚ್ಚುವ ಹೊತ್ತಿಗೆ ಬಾಷಾ ಸಾಬರು ಮೆಲ್ಲಗೆ ಕೊಂಬು ಬಿಟ್ಟು ಹಿಂದೆ ಸರಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಸರಸಿ ನಿಂತೇ ಇದ್ದಳು. ಗೊರಸು ಮಣ್ಣಿನಲ್ಲಿ ಒಂಚೂರು ಊರಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸರ್ಕಾರ ಇಲ್ಲಿಗೆ ನಿಲ್ಲಿಸುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಹರಿಣಾಕ್ಷಿ ಮೇಡಂ ಜೀಪಿನಲ್ಲಿ ಬಂದರು. ಕರುವನ್ನು ನೋಡಿ ನಕ್ಕು, ಬೆನ್ನು ಸವರಿ, ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು, ಹೊಸ ಸುತ್ತೋಲೆ ಬಂದಿದೆ ಎಂದರು.

"ಮುಂದಿನ ತಿಂಗಳೂ ಮೇವು ಬರಬೇಕಾದ್ರೆ ಮತ್ತೆ ತೂಗಬೇಕು. ಹಿಡಿದುಕೊಂಡವರ ತೂಕ ಹೋದ ಸಲದಷ್ಟೇ ಇರಬೇಕಂತೆ, ಇಲ್ಲದಿದ್ರೆ ಲೆಕ್ಕ ತಾಳೆಯಾಗಲ್ಲವಂತೆ. ಒಟ್ಟಿನಲ್ಲಿ... ನೀವು ಯಾರೂ ಇನ್ನು ಸಣ್ಣಗಾಗುವ ಹಾಗಿಲ್ಲ."

"ನಮಗೇನಾದ್ರೂ ಕೊಡ್ತಾರಾ, ಸಣ್ಣಗಾಗದ ಹಾಗೆ?"

"ಅದು ನಮ್ಮ ಇಲಾಖೆಗೆ ಬರಲ್ಲಮ್ಮ."

ನನಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. ಮೇಡಂ ಕಣ್ಣು ತಗ್ಗಿಸಿಕೊಂಡು ನಿಂತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಓರಗಿತ್ತಿ ಬಂದಳು. ಬೆಳಿಗ್ಗೆ ಸರಸಿಯ ಗಿಣ್ಣು ಹಾಲಿನಲ್ಲಿ ಅರ್ಧ ಅವಳಿಗೆ ಕೊಟ್ಟಿದ್ದೆ. ಅದನ್ನು ಬೆಲ್ಲ ಹಾಕಿ ಬೇಯಿಸಿ, ತಟ್ಟೆಯ ತುಂಬ ದಪ್ಪ ದಪ್ಪ ತುಂಡು ಮಾಡಿಕೊಂಡು ತಂದಿದ್ದಳು. ಮೇಡಂ ಕೈಗೊಂದು ತುಂಡು ಇಟ್ಟಳು. ಅವರು ಬೇಡ, ನಾವು ತೆಗೆದುಕೊಳ್ಳುವ ಹಾಗಿಲ್ಲ ಎಂದರೂ ಕೇಳಲಿಲ್ಲ. ಆಮೇಲೆ ನನ್ನೆದುರು ಕುಕ್ಕರುಗಾಲಲ್ಲಿ ಕೂತು, ತಟ್ಟೆಯನ್ನು ನನ್ನ ಮಡಿಲಿಗೆ ನೂಕಿ, ಒಂದು ತುಂಡು ತಾನೇ ಮುರಿದು ನನ್ನ ಬಾಯಿಗೆ ಹಿಡಿದಳು.

"ಬಾಯ್ಬಿಡೇ ದ್ಯಾವಿ," ಎಂದಳು. "ಸರ್ಕಾರದ ಆರ್ಡರ್ ಆಗೈತೆ."